ಗುಜರಿಯಿಂದ ಮನೆಗೆ ಬಂದ ಮಿಲ್ಲಿಂಗ್ ಯಂತ್ರ

ಹೊರನಾಡಿನಲ್ಲಿ ನೆಲೆಸಿರುವ ನಮ್ಮವರ ಮನೆಗಳಿಗೆ ಹೋದರೆ ಹೊಸ್ತಿಲು ದಾಟಿದೊಡನೆ ಕಣ್ಣಿಗೆ ಬೀಳುವ ವಸ್ತುಗಳು ಹೆಚ್ಚುಕಡಿಮೆ ಒಂದೇ ಬಗೆಯವು: ಕುಲದೇವರ ಪಟ, ಊರ ಮನೆಯ ಭಾವಚಿತ್ರ, ಮಕ್ಕಳು ಶಾಲೆಯಲ್ಲಿ ಗೆದ್ದ ಬಹುಮಾನಗಳು. ಆದರೆ ಕಳೆದ ದೀಪಾವಳಿಯ ಮರುವಾರ, ಆದಿತ್ಯವಾರದಂದು, ಅಂಬರನಾಥದಲ್ಲಿರುವ ಹಿರಿಯ ಮಿತ್ರರೊಬ್ಬರ ಮನೆಗೆ ಹೋದ ನಮ್ಮನ್ನು ಅವರು ಚಾವಡಿಯಲ್ಲಿ ಕುಳ್ಳಿರಿಸಲಿಲ್ಲ. ಕೈಹಿಡಿದು ನೇರವಾಗಿ ಹಿಂಬದಿಯ ಕೊಠಡಿಗೇ ಕರೆದೊಯ್ದರು. ಹತ್ತು ಅಡಿಗೆ ಹನ್ನೆರಡು ಅಡಿಯ ಆ ಕೊಠಡಿಯ ನಡುವೆ, ಆಳೆತ್ತರವನ್ನೂ ಮೀರಿ, ಬೂದು ಬಣ್ಣದ ಒಂದು ಕಬ್ಬಿಣದ ಯಂತ್ರ ನಿಂತಿತ್ತು. ಅವರು ಗುಂಡಿಯೊತ್ತಿದರು, ಯಂತ್ರ ತಿರುಗತೊಡಗಿತು. ಗ್ರೈಂಡರಿನ ಗದ್ದಲದಲ್ಲಿಯೇ ಅರ್ಧಾಯುಷ್ಯ ಕಳೆದ ನಮ್ಮ ಕಿವಿಗೆ ಅದು ಸದ್ದೆಂದೇ ಅನಿಸಲಿಲ್ಲ.

ನಾವು ಹೋದುದು ಕುಶಲ ವಿಚಾರಿಸಲಿಕ್ಕಲ್ಲ. ನಮ್ಮ ಕೈಚೀಲದಲ್ಲಿ ಮುರಿದ ಹಲ್ಲುಚಕ್ರವೊಂದಿತ್ತು. ನಾವು ಗಲ್ಲಾ ಬಿಟ್ಟು ಲೇಖನಿ ಹಿಡಿದ ಮೇಲೆ ಹೋಟೆಲನ್ನು ನಡೆಸುತ್ತಿರುವ ನಮ್ಮ ತಮ್ಮನು, ಪೂರಿಯ ಹಿಟ್ಟು ಕಲಸುವ ಯಂತ್ರ ಹಬ್ಬದ ಮುನ್ನಾದಿನವೇ ಹಲ್ಲು ಕಳಚಿ ಕುಳಿತಿತೆಂದು ದೂರವಾಣಿಯಲ್ಲಿ ಗೋಳಾಡಿದ್ದನು. ಯಂತ್ರವನ್ನು ಮಾಡಿ ಮಾರಿದ ಕಂಪೆನಿ ಮುಚ್ಚಿ ಬಹಳ ಕಾಲವಾಗಿದೆ. ಬಿಡಿಭಾಗ ಕೇಳಿದರೆ ಪೇಟೆಯವರು, ಹೊಸದನ್ನೇ ಕೊಳ್ಳಿರೆಂದು ಉಪದೇಶ ಮಾಡುತ್ತಾರೆ. ಆಗ ನೆನಪಾದವರು ಈ ಮಿತ್ರರು. ಪತ್ರಿಕೆಯಲ್ಲಿ ತಮ್ಮ ಹೆಸರು ಬರಕೂಡದೆಂದು ಅವರು ಕಟ್ಟಪ್ಪಣೆ ಮಾಡಿರುವುದರಿಂದ, ನಾವು ಮೂವತ್ತು ವರುಷಗಳಿಂದ ಕರೆಯುತ್ತ ಬಂದಂತೆ, ಇಲ್ಲಿಯೂ ಅವರನ್ನು ‘ಅಣ್ಣ’ ಎಂದೇ ಕರೆಯುತ್ತೇವೆ.

ಅಣ್ಣನವರು ಕುಂದಾಪುರ ತಾಲೂಕಿನ ಹಳ್ಳಿಯೊಂದರಿಂದ 1976ರಲ್ಲಿ, ಹದಿಮೂರರ ವಯಸ್ಸಿನಲ್ಲಿ, ಮುಂಬಯಿಗೆ ಬಂದವರು. ಹಗಲೆಲ್ಲ ಕೋಟೆ ಪ್ರದೇಶದ ಹೋಟೆಲಿನಲ್ಲಿ ಕಪ್ಪುಬಸಿ ತೊಳೆದು, ಸಂಜೆ ಕನ್ನಡ ರಾತ್ರಿಶಾಲೆಯಲ್ಲಿ ಕಣ್ಣು ತೂಗಿಸುತ್ತ ಓದಿ ಎಸ್.ಎಸ್.ಎಲ್.ಸಿ. ಮುಗಿಸಿದರು. ಅಲ್ಲಿಯವರೆಗಿನ ಕಥೆ ನಮ್ಮ ಓದುಗರಲ್ಲಿ ಸಾವಿರಾರು ಮಂದಿಯದು. ಅಲ್ಲಿಂದ ಮುಂದೆ ಅವರು ಬೇರೆ ದಾರಿ ಹಿಡಿದರು. ಕೈಗಾರಿಕಾ ತರಬೇತಿ ಶಾಲೆಗೆ ಸೇರಿ, ಬೆಂಗಳೂರಿನ ಜಾಲಹಳ್ಳಿಯಲ್ಲಿ 1953ರಲ್ಲಿ ಸ್ಥಾಪಿತವಾದ ಎಚ್.ಎಂ.ಟಿ.ಯ ಲೇತಿನ ಮೇಲೆ ಕೈ ಪಳಗಿಸಿಕೊಂಡು, ಠಾಣೆಯ ಕಡೆಯ ಕಾರ್ಖಾನೆಯೊಂದರ ಟೂಲ್‌ರೂಮಿನಲ್ಲಿ ಮಿಲ್ಲಿಂಗ್ ಕೆಲಸಕ್ಕೆ ನಿಂತರು. ನಮ್ಮ ಸೋದರಮಾವನ ಹೋಟೆಲಿಗೆ ದಿನಕ್ಕೆರಡು ಬಾರಿ ಚಹಾಕ್ಕೆ ಬರುತ್ತಿದ್ದ ಕಾಲದಿಂದ ನಮಗೆ ಅವರ ಪರಿಚಯ. ಕಾರ್ಖಾನೆ 2013ರಲ್ಲಿ ಬಾಗಿಲು ಹಾಕಿತು. ಅವರಿಗೆ ಬರಬೇಕಾದ ಹಣ ಕೈಸೇರಿದ್ದು 2022ರ ಮಳೆಗಾಲದಲ್ಲಿ. ನಡುವಣ ಒಂಬತ್ತು ವರುಷ ಅವರು ಗೋದಾಮೊಂದರಲ್ಲಿ ಕಾವಲುಗಾರರಾಗಿ ದುಡಿದರು. ಅಂಗುಲದ ಸಾವಿರದಲ್ಲೊಂದು ಪಾಲನ್ನು ಅಳೆಯುತ್ತಿದ್ದ ಕೈಯಲ್ಲಿ ಲಾಟಿ ಹಿಡಿದು ನಿಂತುದನ್ನು ನಾವೇ ಕಣ್ಣಾರೆ ಕಂಡಿದ್ದೇವೆ.

ಮಿಲ್ಲಿಂಗ್ ಯಂತ್ರವೆಂದರೇನೆಂದು ಕೆಲವರಾದರೂ ಕೇಳಬಹುದು. ಲೇತಿನಲ್ಲಿ, ಚನ್ನಪಟ್ಟಣದ ಬೊಂಬೆಯವರ ಕಡಸಲಿನಂತೆ, ಕೆಲಸದ ವಸ್ತು ತಿರುಗುತ್ತದೆ, ಉಳಿ ನಿಂತಿರುತ್ತದೆ. ಮಿಲ್ಲಿಂಗಿನಲ್ಲಿ ಇದು ತಲೆಕೆಳಗು: ಹಲ್ಲುಳ್ಳ ಕಟರ್ ತಿರುಗುತ್ತದೆ, ವಸ್ತುವನ್ನು ಅದರೆಡೆಗೆ ಸರಿಸುತ್ತಾರೆ. ಹೋಟೆಲಿನ ಅಡುಗೆಮನೆಯಲ್ಲಿ ಕಾಯಿ ತುರಿಯುವ ಯಂತ್ರವನ್ನು ನೋಡಿದವರಿಗೆ ಇದಕ್ಕಿಂತ ಹೆಚ್ಚಿನ ವಿವರಣೆ ಬೇಡ. ವ್ಯತ್ಯಾಸವಿಷ್ಟೆ: ಕಾಯಿಯ ಹೋಳನ್ನು ನಾವು ಅಂದಾಜಿನಿಂದ ಕೈಯಲ್ಲೇ ಒತ್ತುತ್ತೇವೆ, ಇಲ್ಲಿ ಟೇಬಲ್ಲು ಎಡಬಲಕ್ಕೆ, ಹಿಂದುಮುಂದಕ್ಕೆ, ಮೇಲೆಕೆಳಕ್ಕೆ ತಿರುಪಿನಿಂದ ಚಲಿಸುತ್ತದೆ. ಅಣ್ಣನವರ ಯಂತ್ರದಲ್ಲಿ ಹಿಡಿಯನ್ನು ಒಂದು ಸುತ್ತು ತಿರುಗಿಸಿದರೆ ಟೇಬಲ್ಲು ಸರಿಯಾಗಿ ಅಂಗುಲದ ಐದನೆಯ ಒಂದು ಪಾಲು ಸರಿಯುತ್ತದೆ. ಹಿಡಿಯ ಬುಡದ ಬಳೆಯಲ್ಲಿ ಇನ್ನೂರು ಗೆರೆಗಳಿವೆ. ಒಂದು ಗೆರೆಗೆ ಅಂಗುಲದ ಸಾವಿರದಲ್ಲೊಂದು ಪಾಲು. ಕಾರ್ಖಾನೆಯವರು ಇದನ್ನು ‘ಥೌ’ ಎನ್ನುತ್ತಾರೆ. ನಮ್ಮ ತಲೆಗೂದಲೊಂದು ಸುಮಾರು ಮೂರು ಥೌ ದಪ್ಪ.

ಈ ಯಂತ್ರದ ಮನೆತನವೂ ಹೇಳಬೇಕಾದುದೇ. ಅದರ ತವರು ಅಮೆರಿಕದ ಕನೆಕ್ಟಿಕಟ್ ಸಂಸ್ಥಾನದ ಬ್ರಿಜ್‌ಪೋರ್ಟ್ ಪಟ್ಟಣ. ಯಂತ್ರದ ಹೆಸರೂ ಅದೇ. ಇದನ್ನು ನಿರ್ಮಿಸಿದ ರೂಡಾಲ್ಫ್ ಬ್ಯಾನೋ ಮತ್ತು ಮ್ಯಾಗ್ನಸ್ ವಾಲ್‌ಸ್ಟ್ರಾಮ್ ಇಬ್ಬರೂ ಸ್ವೀಡನ್ನಿನಿಂದ ಬಂದು ಅಲ್ಲಿ ನೆಲೆಸಿದವರು, ಅಂದರೆ ನಮ್ಮಂತೆಯೇ ಪರವೂರಿನಲ್ಲಿ ಅನ್ನ ಹುಡುಕಿಕೊಂಡವರು. ಹಳೆಯ ಯಂತ್ರಗಳಿಗೆ ಜೋಡಿಸಬಹುದಾದ ಮಿಲ್ಲಿಂಗ್ ತಲೆಯೊಂದನ್ನು ಅವರು ಮೊದಲು ಮಾಡಿ ಮಾರುತ್ತಿದ್ದರು. ಆ ತಲೆಗೆ ತಕ್ಕ ಮೈಯೊಂದು ಬೇಕೆಂದು ಬ್ಯಾನೋ 1936ರಲ್ಲಿ ಕಾಗದದ ಚೀಲವೊಂದರ ಮೇಲೆ ನಕ್ಷೆ ಗೀಚಿದರೆಂಬ ಐತಿಹ್ಯವಿದೆ. 1938ರಲ್ಲಿ ಯಂತ್ರ ಮಾರಾಟಕ್ಕೆ ಬಂತು. ಮೊತ್ತಮೊದಲನೆಯದು ಇಂದು ವರ್ಮಾಂಟ್ ಸಂಸ್ಥಾನದ ವಿಂಡ್ಸರ್ ಊರಿನ ವಸ್ತುಸಂಗ್ರಹಾಲಯದಲ್ಲಿದೆ. ತಲೆಯನ್ನು ಬೇಕಾದತ್ತ ಓರೆಮಾಡಬಹುದು, ತೋಳನ್ನು ಮುಂದೆ ಚಾಚಬಹುದು, ಸುತ್ತ ತಿರುಗಿಸಬಹುದು. ಸಣ್ಣ ಕಾರ್ಖಾನೆಗಳಿಗೆ ಇದಕ್ಕಿಂತ ಅನುಕೂಲ ಬೇರಿರಲಿಲ್ಲ. ಲಕ್ಷಗಟ್ಟಲೆ ಮಾರಾಟವಾದುವು, ಅನೇಕ ದೇಶಗಳವರು ಇದನ್ನೇ ನೋಡಿ ತಮ್ಮಲ್ಲಿಯೂ ಮಾಡಿದರು. ಮೂಲ ಕಂಪೆನಿ 1968ರಲ್ಲಿ ಟೆಕ್ಸ್ಟ್ರಾನ್ ಎಂಬ ದೊಡ್ಡ ಸಂಸ್ಥೆಯ ಪಾಲಾಯಿತು, 2004ರಲ್ಲಿ ಹಾರ್ಡಿಂಜ್ ಕಂಪೆನಿಯ ಕೈಸೇರಿತು.

ಅಣ್ಣನವರು 2022ರ ನವೆಂಬರಿನಲ್ಲಿ ಕುರ್ಲಾದ ಕಡೆಯ ಗುಜರಿ ಅಂಗಳವೊಂದರಲ್ಲಿ ಇದನ್ನು ಕಂಡರು. ಒಂದೇ ಸಾಲಿನಲ್ಲಿ ಎರಡು ಯಂತ್ರಗಳಿದ್ದುವು. ಒಂದಕ್ಕೆ ಹೊಸದಾಗಿ ಹಸಿರು ಬಣ್ಣ ಬಳಿದು, ಹಿಡಿಗಳಿಗೆ ಹೊಳಪು ಕೊಟ್ಟಿದ್ದರು. ಇನ್ನೊಂದು ತುಕ್ಕು, ಜಿಡ್ಡು, ಪಾರಿವಾಳದ ಹಿಕ್ಕೆಗಳಿಂದ ಮುಚ್ಚಿಹೋಗಿತ್ತು. ನಾವಾಗಿದ್ದರೆ ಹಸಿರು ಯಂತ್ರವನ್ನೇ ಕೊಳ್ಳುತ್ತಿದ್ದೆವೆಂದು ಒಪ್ಪಿಕೊಂಡಾಗ ಅಣ್ಣ ನಕ್ಕರು.

“ಬಣ್ಣ ನೋಡಿ ಯಂತ್ರ ತೆಗೆಯುವುದೂ ಒಂದೇ, ಮಸಾಲೆಯ ಪರಿಮಳ ನೋಡಿ ಹಳಸಿದ ಪಲ್ಯ ತಿನ್ನುವುದೂ ಒಂದೇ ಮಾರಾಯ್ರೆ.”

ಅವರ ಜೇಬಿನಲ್ಲಿದ್ದುದು ಒಂದು ಟಾರ್ಚು, ಒಂದು ಡಯಲ್ ಗೇಜು. ಹಸಿರು ಯಂತ್ರದ ಟೇಬಲ್ಲನ್ನು ನಡುಭಾಗದಲ್ಲಿ ಸರಿಸಿದರೆ ನೀರಿನಂತೆ ಸಡಿಲ. ತುದಿಗೆ ಒಯ್ದರೆ ಹಿಡಿ ತಿರುಗದಷ್ಟು ಬಿಗಿ. ಟೂಲ್‌ರೂಮಿನ ಕೆಲಸವೆಲ್ಲ ಟೇಬಲಿನ ನಡುವೆಯೇ ನಡೆಯುವುದರಿಂದ ಸವೆತವೂ ಅಲ್ಲಿಯೇ. ನಡುವಿನ ಸಡಿಲ ಹೋಗಲೆಂದು ಬಿಗಿಮಾಡಿದರೆ ತುದಿಗಳಲ್ಲಿ ಸಿಕ್ಕಿಬೀಳುತ್ತದೆ. ತುಕ್ಕು ಹಿಡಿದ ಯಂತ್ರದಲ್ಲಾದರೋ ಜಿಡ್ಡನ್ನು ಉಗುರಿನಿಂದ ಕೆರೆದು ಟಾರ್ಚು ಹಿಡಿದಾಗ ಜಾರುಪಟ್ಟಿಗಳ ಮೇಲೆ ಅರ್ಧಚಂದ್ರಾಕಾರದ ಸಣ್ಣ ಗುರುತುಗಳು ಕಂಡವು. ಯಂತ್ರವನ್ನು ಕಟ್ಟಿದ ದಿನ ಕಾರ್ಮಿಕನೊಬ್ಬ ಕೈಯಿಂದ ಕೆರೆದ ಗುರುತುಗಳವು. ತುದಿಗಳಲ್ಲಿ ಸ್ಪಷ್ಟವಾಗಿದ್ದುವು, ನಡುವೆ ಮಸುಕಾಗಿದ್ದುವು, ಆದರೆ ಪೂರ್ತಿ ಅಳಿದಿರಲಿಲ್ಲ. ತುಕ್ಕು ಮೇಲಿನದು, ಸವೆತ ಒಳಗಿನದು. ಅಣ್ಣನವರು ಐವತ್ತೈದು ಸಾವಿರ ರೂಪಾಯಿಗಳಿಗೆ ಮಾತು ಮುಗಿಸಿದರು.

ಮನೆಯಲ್ಲಿ ಇದರಿಂದ ಸಂತೋಷವೇನೂ ಆಗಲಿಲ್ಲ. ಒಂಬತ್ತು ವರುಷ ಕಾದು ಬಂದ ಹಣವದು. ಊರಿನಲ್ಲಿ ಹಿರಿಯರ ಮನೆಯ ಮಾಡು ಎರಡು ಮಳೆಗಾಲದಿಂದ ಸೋರುತ್ತಿತ್ತು. “ಇವರ ಈ ಕಬ್ಬಿಣಕ್ಕೆ ಹಾಕುವ ದುಡ್ಡಲ್ಲಿ ಇಡೀ ಮಾಡು ಹೊದೆಸಬಹುದಿತ್ತು, ನೀವೇ ಹೇಳಿ” ಎಂದು ಅತ್ತಿಗೆಯವರು ಅಂದು ನಮ್ಮೆದುರಿಗೇ ಅತ್ತಿದ್ದರು. ಬೆಂಗಳೂರಿನಲ್ಲಿ ಕಂಪ್ಯೂಟರ್ ಉದ್ಯೋಗದಲ್ಲಿರುವ ಮಗ, ಅಪ್ಪನಿಗೆ ಬುದ್ಧಿ ಹೇಳಿರೆಂದು ನಮಗೆ ದೂರವಾಣಿ ಮಾಡಿದನು. ನಾವು ಹೇಳಿಯೂ ಹೇಳಿದೆವು. ಆ ನಮ್ಮ ಮಾತನ್ನು ಇಲ್ಲಿ ಮರೆಮಾಚುವುದಿಲ್ಲ. ಅಣ್ಣನವರು ತಲೆತಗ್ಗಿಸಿ ಕೇಳಿದರು. “ಕಾವಲು ಕಾಯುವಾಗ ರಾತ್ರಿ ನಿದ್ದೆಯಲ್ಲಿ ಕೈ ತಾನಾಗಿ ಹಿಡಿ ತಿರುಗಿಸುತ್ತಿತ್ತು” ಎಂದಷ್ಟೇ ಉತ್ತರ ಕೊಟ್ಟರು.

ಸುಮಾರು ಒಂಬೈನೂರು ಕಿಲೋ ತೂಕದ ಯಂತ್ರವನ್ನು ಮನೆಯೊಳಗೆ ತರುವುದು ಸುಲಭವಲ್ಲ. ಅದರ ಭಾರವೆಲ್ಲ ಮೇಲ್ಭಾಗದಲ್ಲಿರುವುದರಿಂದ ತುಸು ವಾಲಿದರೂ ಉರುಳುತ್ತದೆ. ಆದಕಾರಣ ತಲೆಯನ್ನು ತಿರುಗಿಸಿ ಕೆಳಮುಖ ಮಾಡಿ, ತೋಳನ್ನು ಹಿಂದಕ್ಕೆಳೆದು, ಟೇಬಲ್ಲಿನ ಭಾಗವನ್ನು ಆದಷ್ಟು ಕೆಳಗಿಳಿಸಿ, ಕ್ರೇನಿನಿಂದ ಟೆಂಪೋಗೆ ಏರಿಸಿದರು. ಓಣಿಯ ಬಾಯಿಯಿಂದ ಕೊಠಡಿಯವರೆಗೆ ಕಬ್ಬಿಣದ ಕೊಳವೆಗಳ ಮೇಲೆ ಅಂಗುಲ ಅಂಗುಲವಾಗಿ ಉರುಳಿಸಿದರು. ಆ ನೂರು ಅಡಿಗೆ ಒಂದು ಇಡೀ ಹಗಲು ಹಿಡಿಯಿತಂತೆ.

ತರುವಾಯದ ಹದಿನಾಲ್ಕು ತಿಂಗಳು, ಅಂದರೆ 2024ರ ಜನವರಿಯವರೆಗೆ, ಅವರು ಪ್ರತಿದಿನ ಐದಾರು ತಾಸು ಆ ಕೊಠಡಿಯಲ್ಲಿ ಕಳೆದರು. ಮೊದಲ ಕೆಲಸ ಬಿಚ್ಚುವುದು, ಎರಡನೆಯದು ತೊಳೆಯುವುದು. ಸಣ್ಣ ಭಾಗಗಳ ತುಕ್ಕು ಬಿಡಿಸಲು ಪ್ಲಾಸ್ಟಿಕ್ ಪೀಪಾಯಿಯಲ್ಲಿ ನೀರಿಗೆ ವಾಷಿಂಗ್ ಸೋಡಾ ಬೆರೆಸಿ, ತುಕ್ಕಿನ ವಸ್ತುವನ್ನು ಬ್ಯಾಟರಿ ಚಾರ್ಜರಿನ ಋಣ ತಂತಿಗೆ, ಬೇಡದ ಕಬ್ಬಿಣದ ತುಂಡೊಂದನ್ನು ಧನ ತಂತಿಗೆ ಕಟ್ಟಿ ಮುಳುಗಿಸಿಟ್ಟರು. ರಾತ್ರಿ ಕಳೆದು ಬೆಳಗಾಗುವಷ್ಟರಲ್ಲಿ ತುಕ್ಕು ಕಪ್ಪು ಕೆಸರಾಗಿ ಬಿಟ್ಟುಬರುತ್ತದೆ, ಒಳ್ಳೆಯ ಲೋಹ ಕರಗುವುದಿಲ್ಲ. ಆದರೆ ಇದರಿಂದ ಹೊರಡುವ ಜಲಜನಕ ಹತ್ತಿ ಉರಿಯುವಂಥದು. ಕಿಟಕಿ ತೆರೆದಿರಬೇಕು, ಹತ್ತಿರ ಬೀಡಿ ಹಚ್ಚಕೂಡದು. ಧನ ತಂತಿಗೆ ಸ್ಟೇನ್‌ಲೆಸ್ ಸ್ಟೀಲಿನ ಹಳೆಯ ಸೌಟು ಕಟ್ಟುವುದಂತೂ ಸರ್ವಥಾ ಸಲ್ಲದು. ಅದರ ಕ್ರೋಮಿಯಂ ನೀರಿಗಿಳಿದು ವಿಷವಾಗುತ್ತದೆ. ಹಂಡೆಗೆ ಹುಣಿಸೆಹಣ್ಣು ತಿಕ್ಕಿದಂತೆ ತಿಕ್ಕಬಾರದೇಕೆಂದು ನಾವು ಕೇಳಿದಾಗ, ಹುಳಿ ತುಕ್ಕನ್ನೂ ತಿನ್ನುತ್ತದೆ, ಕಬ್ಬಿಣವನ್ನೂ ತಿನ್ನುತ್ತದೆ, ಅದಕ್ಕೆ ಭೇದ ತಿಳಿಯದು ಎಂದರು.

ಈ ಶುದ್ಧೀಕರಣದಲ್ಲಿ ಅವರಿಗೆ ಯಂತ್ರದ ನಿಜವಾದ ರೋಗ ಗೋಚರಿಸಿತು. ಜಾರುಪಟ್ಟಿಗಳಿಗೆ ಎಣ್ಣೆ ಹರಿಯುವ ಸೂಕ್ಷ್ಮ ನಾಳಗಳಿವೆ. ಎಣ್ಣೆ ಹಾಕಬೇಕಾದ ಬಾಯಿಗೆ ಯಾರೋ ಪುಣ್ಯಾತ್ಮರು ವರುಷಗಟ್ಟಲೆ ಗ್ರೀಸು ತುಂಬಿದ್ದರು. ಗ್ರೀಸು ಒಣಗಿ ಮೇಣವಾಗಿ ನಾಳಗಳೆಲ್ಲ ಕಟ್ಟಿಹೋಗಿದ್ದುವು. ಎಣ್ಣೆಯಿಲ್ಲದೆ ಕಬ್ಬಿಣ ಕಬ್ಬಿಣವನ್ನು ಉಜ್ಜಿತ್ತು. ಬೈಸಿಕಲ್ಲಿನ ಬ್ರೇಕ್ ತಂತಿಯನ್ನು ತೂರಿಸಿ, ಸೀಮೆಎಣ್ಣೆ ಬಿಟ್ಟು, ನಾಳ ನಾಳವನ್ನೂ ಬಿಡಿಸಲು ಮೂರು ವಾರ ಬೇಕಾಯಿತು.

ಇನ್ನು ಸವೆತವನ್ನು ಸರಿಪಡಿಸುವ ಸಂಗತಿ. ಈ ಲೇಖನ ಬರೆಯಲು ನಮ್ಮನ್ನು ಪ್ರೇರೇಪಿಸಿದುದೇ ಇದು. ಹಿಂದೆ ಹೋಟೆಲುಗಳಲ್ಲಿ ರುಬ್ಬುವ ಕಲ್ಲು ನುಣುಪಾದರೆ ಕಲ್ಲು ಕುಟ್ಟುವವರನ್ನು ಕರೆಯಿಸುತ್ತಿದ್ದೆವು. ಆತ ಉಳಿ ಸುತ್ತಿಗೆ ಹಿಡಿದು ಕೂತು ಟಕಟಕನೆ ಚುಕ್ಕೆ ಚುಕ್ಕೆಯಾಗಿ ಒರಟು ಮಾಡುತ್ತಿದ್ದ. ಕಾಣುವವರಿಗೆ ಅದು ಕಲ್ಲನ್ನು ಕೆಡಿಸಿದಂತೆ. ಅಕ್ಕಿ ಬೇಳೆ ಅರೆಯುವವರಿಗೆ ಮಾತ್ರ ಆ ಚುಕ್ಕೆಗಳ ಬೆಲೆ ಗೊತ್ತು. ಜಾರುಪಟ್ಟಿಯ ಕೆಲಸವೂ ನೋಟಕ್ಕೆ ಹೀಗೆಯೇ. ಪೂರ್ಣ ಸಮತಟ್ಟಾದ ಕಪ್ಪು ಗ್ರ್ಯಾನೈಟಿನ ಸರ್ಫೇಸ್ ಪ್ಲೇಟಿಗೆ ನೀಲಿ ಬಣ್ಣವನ್ನು ಅತಿ ತೆಳ್ಳಗೆ ಸವರಿ, ಅದರ ಮೇಲೆ ಯಂತ್ರದ ಭಾಗವನ್ನಿಟ್ಟು ಮೆಲ್ಲನೆ ಜಾರಿಸುತ್ತಾರೆ. ಎಲ್ಲಿ ಉಬ್ಬಿದೆಯೋ ಅಲ್ಲಿ ನೀಲಿ ಹತ್ತುತ್ತದೆ. ನೀಲಿ ಹತ್ತಿದ ಕಡೆ ಮಾತ್ರ ಹರಿತವಾದ ಸ್ಕ್ರೇಪರಿನಿಂದ ಕೆರೆಯಬೇಕು. ಒಂದು ಕೆರೆತಕ್ಕೆ ಹೋಗುವ ಕಬ್ಬಿಣ ಒಂದು ಥೌವಿನ ಕೆಲವೇ ಪಾಲು. ಮತ್ತೆ ನೀಲಿ, ಮತ್ತೆ ಕೆರೆತ. ಮೊದಲು ಒಂದೆರಡು ಕಡೆ ಮಾತ್ರ ತಾಗಿದ್ದುದು, ದಿನಗಳು ಕಳೆದಂತೆ ಹತ್ತು, ಐವತ್ತು, ನೂರು ಕಡೆ ತಾಗುತ್ತದೆ. ಚದರ ಅಂಗುಲಕ್ಕೆ ಸುಮಾರು ಇಪ್ಪತ್ತು ಚುಕ್ಕೆಗಳು ಸಮನಾಗಿ ಹರಡಿ ಬಂದರೆ ಕೆಲಸ ಮುಗಿದಂತೆ. ಚುಕ್ಕೆಗಳು ಭಾರ ಹೊರುತ್ತವೆ. ಅವುಗಳ ನಡುವಿನ ತಗ್ಗಿನಲ್ಲಿ ಎಣ್ಣೆ ನಿಲ್ಲುತ್ತದೆ.

ಇಲ್ಲಿ ನಮಗೊಂದು ಸಂಶಯ ಬಂತು. ಎರಡು ಭಾಗಗಳನ್ನು ಒಂದಕ್ಕೊಂದು ಉಜ್ಜಿಯೇ ಸರಿಪಡಿಸಬಾರದೆ? ಅಣ್ಣನವರು ಒರಳುಕಲ್ಲನ್ನು ನೆನಪಿಸಿದರು. ಗುಂಡೂ ಒರಳೂ ಎಷ್ಟೋ ವರುಷ ಒಂದನ್ನೊಂದು ಉಜ್ಜಿ ಎಷ್ಟು ಚೆನ್ನಾಗಿ ಹೊಂದಿಕೊಂಡಿರುತ್ತವೆ! ಆದರೆ ಒಂದು ಉಬ್ಬು, ಇನ್ನೊಂದು ಹಳ್ಳ. ಎರಡೂ ಹೊಂದಿಕೊಂಡಿವೆಯೆಂದ ಮಾತ್ರಕ್ಕೆ ಎರಡೂ ನೆಟ್ಟಗಿವೆಯೆಂದಲ್ಲ. ಮೂರನೆಯದೊಂದು ಬೇಕು. ಮೂರು ಪಲಗೆಗಳನ್ನು ಎರಡೆರಡಾಗಿ ಅದಲುಬದಲು ಮಾಡಿ ತಾಳೆ ನೋಡುತ್ತ ಕೆರೆದರೆ, ಮೂರೂ ಸಮತಟ್ಟಾದ ಹೊರತು ಪರಸ್ಪರ ಹೊಂದಲಾರವು. ಇಂಗ್ಲೆಂಡಿನ ಜೋಸೆಫ್ ವಿಟ್‌ವರ್ತ್ 1840ರಲ್ಲಿ ಗ್ಲಾಸ್ಗೋದ ವಿದ್ವತ್ಸಭೆಯಲ್ಲಿ ಓದಿದ ಪ್ರಬಂಧದ ವಿಷಯ ಇಂತಹ ಸಮತಲಗಳೇ. ಉಜ್ಜಬೇಡಿ, ಕೆರೆಯಿರಿ ಎಂಬುದು ಅವನ ವಾದದ ಸಾರ. ಯಾವ ದೊಡ್ಡ ಯಂತ್ರದ ಸಹಾಯವೂ ಇಲ್ಲದೆ ಮನುಷ್ಯನ ಕೈ ತಾನೇ ಪೂರ್ಣ ಸಮತಟ್ಟನ್ನು ಹುಟ್ಟಿಸಬಲ್ಲುದು. ಯಂತ್ರಗಳ ನಿಖರತೆಯೆಲ್ಲ ಆ ಕೈಕೆಲಸದಿಂದ ಹೊರಟುದು. ಇದನ್ನು ಕೇಳಿದ ಮೇಲೆ ನಾವು ಆ ಬೂದು ಯಂತ್ರವನ್ನು ನೋಡಿದ ಕಣ್ಣೇ ಬೇರೆಯಾಯಿತೆನ್ನಬೇಕು.

ಕೆರೆಯುವ ಕೆಲಸಕ್ಕೆ ನಾಲ್ಕು ತಿಂಗಳು ಹಿಡಿಯಿತು. ಟೇಬಲ್ಲಿನ ನಡುವೆ ಇನ್ನೂ ಒಂದೂವರೆ ಥೌ ತಗ್ಗು ಉಳಿದಿದೆಯೆಂದು ಅಣ್ಣ ತಾವಾಗಿ ಹೇಳಿದರು. ಅದನ್ನೂ ತೆಗೆಯಬೇಕಾದರೆ ದೊಡ್ಡ ಗ್ರೈಂಡಿಂಗ್ ಯಂತ್ರಕ್ಕೆ ಕೊಡಬೇಕು. ಅದರ ಖರ್ಚಿಗೆ ಅರ್ಥವಿಲ್ಲವೆಂದು ಬಿಟ್ಟರು. ಗೋಡೆಯ ಮೇಲೆ ಸೀಸದ ಕಡ್ಡಿಯಿಂದ ಆ ತಗ್ಗಿನ ನಕ್ಷೆ ಬರೆದುಕೊಂಡಿದ್ದಾರೆ, ಅಷ್ಟೆ.

ಸವೆದ ತಿರುಪಿಗೂ ಚಿಕಿತ್ಸೆ ಬೇಕಿತ್ತು. ಹಿಡಿಯನ್ನು ಹಿಂದಕ್ಕೆ ತಿರುಗಿಸಿದಾಗ ನಲವತ್ತು ಗೆರೆ ಸರಿಯುವವರೆಗೂ ಟೇಬಲ್ಲು ಅಲುಗುತ್ತಿರಲಿಲ್ಲ. ಇಂತಹ ಆಟವಿರುವ ಯಂತ್ರದಲ್ಲಿ ಕಟರ್ ತಿರುಗುವ ದಿಕ್ಕಿನಲ್ಲಿಯೇ ವಸ್ತುವನ್ನು ಸರಿಸಿದರೆ, ಕಟರ್ ತಾನೇ ಅದನ್ನು ಕಚ್ಚಿ ಆ ನಲವತ್ತು ಥೌವನ್ನೂ ಒಮ್ಮೆಲೆ ಒಳಗೆಳೆದುಕೊಳ್ಳುತ್ತದೆ. ಕಟರ್ ಮುರಿಯಬಹುದು, ವಸ್ತು ಹಾರಬಹುದು. ಕಂಚಿನ ಹೊಸ ನಟ್ಟುಗಳನ್ನು ಮಾಡಿಸಿ ಆಟವನ್ನು ಆರು ಥೌಗೆ ಇಳಿಸಿದರು. ಹಾಗಿದ್ದೂ ಅವರು ಯಾವಾಗಲೂ ಕಟರಿಗೆ ಎದುರಾಗಿಯೇ ಸರಿಸುತ್ತಾರೆ. ಅಣ್ಣನವರ ಎಡಗೈಯ ನಡುಬೆರಳಿಗೆ ತುದಿಯಿಲ್ಲ. 1991ರಲ್ಲಿ ಯಂತ್ರ ತಿರುಗುತ್ತಿರುವಾಗಲೇ ಹತ್ತಿಯ ವೇಸ್ಟಿನಿಂದ ಚೂರು ಒರಸಲು ಹೋದುದರ ಗುರುತದು. ದಾರ ಕಟರಿಗೆ ಸಿಕ್ಕಿತು, ಬೆರಳು ದಾರವನ್ನು ಹಿಂಬಾಲಿಸಿತು. ಗ್ರೈಂಡರ್ ತಿರುಗುತ್ತಿರುವಾಗಲೇ ಅಂಚಿನ ಹಿಟ್ಟನ್ನು ಕೈಯಿಂದ ದೂಡುವ ನಮ್ಮ ಅಡುಗೆಮನೆಯ ಹುಡುಗರು ದಯಮಾಡಿ ಈ ವಾಕ್ಯವನ್ನು ಎರಡು ಬಾರಿ ಓದಬೇಕು. ಯಜಮಾನರೂ ಓದಬಹುದು, ಅವಸರ ಹೆಚ್ಚಾಗಿ ಅವರದೇ.

ವಿದ್ಯುತ್ತಿನ ತೊಡಕು ಬೇಗ ಬಗೆಹರಿಯಿತು. ಯಂತ್ರದ ಒಂದು ಅಶ್ವಶಕ್ತಿಯ ಮೋಟಾರು ಮೂರು ಫೇಸಿನದು, ಮನೆಯಲ್ಲಿರುವುದು ಒಂದು ಫೇಸು. ವಿ.ಎಫ್.ಡಿ. ಎಂಬ ಪೆಟ್ಟಿಗೆ ಒಂದು ಫೇಸನ್ನು ಒಳಗೆ ತೆಗೆದುಕೊಂಡು ಮೂರನ್ನು ಹೊರಗೆ ಕೊಡುತ್ತದೆ. ಮೋಟಾರಿನ ತಂತಿಗಳನ್ನು ಕಡಿಮೆ ವೋಲ್ಟಿನ ಜೋಡಣೆಗೆ ಬದಲಾಯಿಸಿಕೊಂಡರಾಯಿತು. ಇನ್ನೊಂದು ಲಾಭವೂ ಒದಗಿತು. ಅಮೆರಿಕದ ವಿದ್ಯುತ್ತು ಸೆಕೆಂಡಿಗೆ 60 ಆವರ್ತನದ್ದು, ನಮ್ಮದು 50ರದು. ನಿಮಿಷಕ್ಕೆ 80ರಿಂದ 2720 ಸುತ್ತು ತಿರುಗಲೆಂದು ಮಾಡಿದ ಯಂತ್ರ ನಮ್ಮಲ್ಲಿ ಆರರಲ್ಲೊಂದು ಪಾಲು ನಿಧಾನವಾಗುತ್ತದೆ. ಆ ಪೆಟ್ಟಿಗೆಯಲ್ಲಿ 60ಕ್ಕೆ ತಿರುವಿದರೆ ತವರಿನ ವೇಗವೇ ಬರುತ್ತದೆ.

ಯಂತ್ರ ತಿರುಗಿದ ಮಾತ್ರಕ್ಕೆ ಕೆಲಸ ನಡೆಯದೆಂಬುದು ಹೋಟೆಲಿನವರಿಗೆ ತಿಳಿದ ವಿಷಯ. ಒಲೆಯೊಂದಿದ್ದರೆ ಸಾಲದು, ಪಾತ್ರೆ ಪದಾರ್ಥವೂ ಬೇಕು. ಅಣ್ಣನವರು ರಾತ್ರಿಶಾಲೆಯಲ್ಲಿ ಕಲಿತ ದುಂಡಗಿನ ಕನ್ನಡ ಅಕ್ಷರಗಳಲ್ಲಿ ಪೈಸೆ ಪೈಸೆಯ ಲೆಕ್ಕ ಬರೆದಿಟ್ಟಿದ್ದಾರೆ. ಯಂತ್ರಕ್ಕೆ 55,000 ರೂಪಾಯಿ, ಸಾಗಣೆ, ನಟ್ಟು, ಬೇರಿಂಗು, ವಿದ್ಯುತ್ ಪೆಟ್ಟಿಗೆ, ಎಣ್ಣೆ, ಬಣ್ಣಗಳಿಗೆ 37,000, ಸಜ್ಜುಗೊಳಿಸಲು 63,500. ಕೊನೆಯ ಬಾಬು ಯಂತ್ರದ ಬೆಲೆಯನ್ನೇ ಮೀರಿಸಿತು. ವಸ್ತುವನ್ನು ಕಚ್ಚಿ ಹಿಡಿಯುವ ವೈಸು, ಕಟರನ್ನು ಹಿಡಿಯುವ ಕೋಲೆಟ್ಟುಗಳು, ಬಿಗಿಯುವ ಬೋಲ್ಟು ಪಟ್ಟಿಗಳು, ಡಯಲ್ ಗೇಜುಗಳು, ಬಗೆಬಗೆಯ ಕಟರುಗಳು, ಹಳೆಯದೊಂದು ಡಿವೈಡಿಂಗ್ ಹೆಡ್. ಅಂಕಿಗಳಲ್ಲಿ ಅಳತೆ ತೋರಿಸುವ ವಿದ್ಯುನ್ಮಾನ ಫಲಕವನ್ನು ಇಂದು ಎಲ್ಲರೂ ಹಾಕಿಸಿಕೊಳ್ಳುತ್ತಾರೆ. ಅದನ್ನು ಮಾತ್ರ ಅವರು ಕೊಳ್ಳಲಿಲ್ಲ. ಗೆರೆ ಎಣಿಸುವ ಕಣ್ಣು ಇನ್ನೂ ಇದೆಯೆಂಬುದು ಅವರ ಸಮಾಧಾನ. ಅದು ಸಮಾಧಾನವೋ ಹಟವೋ ನಾವರಿಯೆವು.

ಪ್ರತಿದಿನ ಕೆಲಸಕ್ಕೆ ಮೊದಲು ಅವರು ಒಂದು ಕ್ರಮ ತಪ್ಪಿಸುವುದಿಲ್ಲ. ತಿರುಗುವ ಸ್ಪಿಂಡಲಿಗೆ ಡಯಲ್ ಗೇಜು ಕಟ್ಟಿ, ಅದರ ಮೊನೆ ಟೇಬಲ್ಲನ್ನು ಸವರುವಂತೆ ಕೈಯಿಂದ ಒಂದು ಪೂರ್ಣ ಸುತ್ತು ತಿರುಗಿಸುತ್ತಾರೆ. ನಾಲ್ಕೂ ದಿಕ್ಕಿನಲ್ಲಿ ಮುಳ್ಳು ಒಂದೇ ಅಂಕಿ ತೋರಿಸಿದರೆ ತಲೆ ನೆಟ್ಟಗಿದೆಯೆಂದು ಅರ್ಥ. ನಮ್ಮೆದುರಿಗೆ ಮುಳ್ಳು ಅರ್ಧ ಗೆರೆ ಅಲುಗಿತು. ಅದನ್ನು ಸರಿಪಡಿಸಲು ಅವರು ಇಪ್ಪತ್ತು ನಿಮಿಷ ತೆಗೆದುಕೊಂಡರು. ಅತ್ತಿಗೆಯವರು ತಂದ ಚಹಾ ಆರಿತು.

ಬಳಿಕ ನಮ್ಮ ಹಲ್ಲುಚಕ್ರದ ಸರದಿ. ಅದರ ಹೊರವ್ಯಾಸ 102 ಮಿಲಿಮೀಟರು. ಮುರಿದವುಗಳನ್ನೂ ಸೇರಿಸಿ ಹಲ್ಲುಗಳು 32. ಗುಮಾಸ್ತ ಬಾಂಧವರು ಗಮನಿಸಬೇಕು: ಹಲ್ಲಿನ ಸಂಖ್ಯೆಗೆ ಎರಡು ಕೂಡಿಸಿ, ಆ 34ರಿಂದ 102ನ್ನು ಭಾಗಿಸಿದರೆ 3. ಇದೇ ಚಕ್ರದ ಮಾಡ್ಯೂಲ್. ಹಲ್ಲಿನ ಆಳ ಅದರ ಎರಡೂಕಾಲು ಪಟ್ಟು, ಅಂದರೆ 6.75 ಮಿಲಿಮೀಟರು, ಯಂತ್ರದ ಭಾಷೆಯಲ್ಲಿ 266 ಥೌ. ಒಂದು ಮಾಡ್ಯೂಲಿಗೆ ಎಂಟು ಕಟರುಗಳ ಒಂದು ಜೊತೆ. 26ರಿಂದ 34 ಹಲ್ಲಿನವರೆಗೆ ನಾಲ್ಕನೆಯ ನಂಬರಿನದು. ಅದು ಅವರಲ್ಲಿತ್ತು. ಮುರಿದ ಚಕ್ರದ ಅಳತೆಗೆ ಉಕ್ಕಿನ ಬಿಲ್ಲೆಯೊಂದನ್ನು ಹತ್ತಿರದ ಲೇತಿನವರಲ್ಲಿ ಅವರು ಮೊದಲೇ ಕಡಸಿಟ್ಟಿದ್ದರು. ನಮ್ಮ ತಮ್ಮ ಅಳತೆಗಳನ್ನು ದೂರವಾಣಿಯಲ್ಲಿ ತಿಳಿಸಿದ್ದನು.

ಬಿಲ್ಲೆಯನ್ನು ಹಿಡಿದಿರುವ ಡಿವೈಡಿಂಗ್ ಹೆಡ್ ಒಂದು ಸೋಜಿಗದ ಸಾಧನ. 1862ರಲ್ಲಿ ಅಮೆರಿಕದ ಬ್ರೌನ್ ಅಂಡ್ ಶಾರ್ಪ್ ಕಂಪೆನಿಯ ಜೋಸೆಫ್ ಬ್ರೌನ್, ಬೈರಿಗೆಯ ಸುರುಳಿ ಗೀರುಗಳನ್ನು ಕೊರೆಯಲೆಂದು ನಿರ್ಮಿಸಿದ ಸಾರ್ವತ್ರಿಕ ಮಿಲ್ಲಿಂಗ್ ಯಂತ್ರದ ಕಾಲದಿಂದ ಇದು ಪ್ರಸಿದ್ಧ. ಇದರ ಹಿಡಿಯನ್ನು 40 ಸುತ್ತು ತಿರುಗಿಸಿದರೆ ಬಿಲ್ಲೆ ಒಂದು ಸುತ್ತು ತಿರುಗುತ್ತದೆ. ನಮಗೆ 32 ಹಲ್ಲು ಬೇಕು; 40ನ್ನು 32ರಿಂದ ಭಾಗಿಸಿದರೆ ಒಂದೂಕಾಲು. ಆದುದರಿಂದ ಪ್ರತಿ ಹಲ್ಲಿಗೆ ಒಂದು ಪೂರ್ಣ ಸುತ್ತು, ಮೇಲೆ 20 ತೂತುಗಳ ವರ್ತುಲದಲ್ಲಿ 5 ತೂತು. ಮೊದಲು ಕಟರ್ ಕೂದಲೆಳೆಯಷ್ಟು ಮಾತ್ರ ತಾಗುವಂತೆ ಮಾಡಿ 32 ಗುರುತುಗಳನ್ನು ಹಾಕಿಸಿದರು. ಎಣಿಸಿರೆಂದು ನಮಗಪ್ಪಣೆಯಾಯಿತು. ಇಪ್ಪತ್ತು ವರುಷ ಗಲ್ಲಾದಲ್ಲಿ ನೋಟು ಎಣಿಸಿದ ನಾವು 31 ಎಂದೆವು! ಅಣ್ಣನವರ ಮುಖ ಬಿಳಿಚಿತು. ಅತ್ತಿಗೆಯವರು ಸೀಸದ ಕಡ್ಡಿಯಿಂದ ಒಂದೊಂದೇ ಗುರುತಿಗೆ ಚುಕ್ಕೆಯಿಡುತ್ತ ಎಣಿಸಿದರು. 32 ಇತ್ತು.

ಆಮೇಲೆ ಮೂರು ತಾಸು. ಪ್ರತಿ ಹಲ್ಲಿಗೆ ಎರಡು ಬಾರಿ, ಒಟ್ಟು 64 ಸಲ ಕಟರ್ ಹಾದುಹೋಯಿತು. ಸುಟ್ಟ ಎಣ್ಣೆಯ ವಾಸನೆ, ನೀಲಿಗಟ್ಟಿದ ಚೂರುಗಳು. ಹತ್ತೊಂಬತ್ತನೆಯ ಹಲ್ಲಿನಲ್ಲಿ ನಾವೇನೋ ಕೇಳಹೋದಾಗ, “ಈಗ ಮಾತಾಡಬೇಡಿ” ಎಂದು ಅವರು ಗದರಿದರು. ಮೂವತ್ತು ವರುಷಗಳಲ್ಲಿ ಅವರು ನಮ್ಮನ್ನು ಗದರಿದ್ದು ಅದೇ ಮೊದಲು. ಆ ಧ್ವನಿಯಲ್ಲಿ ನಾವು ಗೋದಾಮಿನ ಕಾವಲುಗಾರನನ್ನು ಕಾಣಲಿಲ್ಲ.

ಚಕ್ರವನ್ನು ಒರಸಿ, ಅಂಚು ಸವರಿ, ಹಳೆಯ ಕನ್ನಡ ಪತ್ರಿಕೆಯಲ್ಲಿ ಸುತ್ತಿ ಕೊಟ್ಟರು. (ನಮ್ಮ ಪತ್ರಿಕೆಯೇ, ಅದಕ್ಕೂ ಒಂದು ಉಪಯೋಗ.) ಹಣದ ಮಾತೆತ್ತಿದೊಡನೆ ಅವರು ಕೈಯಾಡಿಸಿದರು. ಆದರೆ ಅತ್ತಿಗೆಯವರು ಒಳಗಿನಿಂದ ಬಿಲ್ ಪುಸ್ತಕ ತಂದು, ನಿಂತಲ್ಲೇ ಬರೆದು ಹರಿದು ಕೊಟ್ಟರು: ಹಲ್ಲುಚಕ್ರ ಒಂದು, ರೂ. 2,800. ಅದರ ನಂಬರು 47. ಆ ಕೊಠಡಿಗೆ ಅಕ್ಕಪಕ್ಕದ ವರ್ಕ್‌ಶಾಪಿನವರೂ ಕೆಲಸ ತರತೊಡಗಿದ್ದಾರೆಂಬುದು ನಮಗೆ ತಿಳಿದುದು ಆಗಲೇ. ಊರ ಮನೆಯ ಮಾಡಿಗೆ ಹೆಂಚು ಹಾಕಿಸಲು ಮುಂದಿನ ಬೇಸಗೆಗೆ ಆಳು ಗೊತ್ತುಮಾಡಿದ್ದೇವೆಂದು ಅವರು ಹೇಳಿದರು. ಅಣ್ಣನವರು ಆ ಹೊತ್ತಿಗೆ ಕೈತೊಳೆಯಲು ಹೋಗಿದ್ದರು.

ಮರುದಿನ ಮುಂಜಾನೆ ಐದಕ್ಕೆ ಯಂತ್ರ ಹಿಟ್ಟು ಕಲಸಿತು. ಹೊಸ ಚಕ್ರವು ಹಳೆಯ ಜೊತೆಗಾರನೊಡನೆ ಸ್ವಲ್ಪ ಸದ್ದು ಮಾಡುವುದೆಂದು ಅಣ್ಣ ಮೊದಲೇ ಎಚ್ಚರಿಸಿದ್ದರು, ಹಾಗೆಯೇ ಆಯಿತು. ಆ 19 ಹಲ್ಲಿನ ಸಣ್ಣ ಚಕ್ರವೂ ಸವೆದಿದೆ. ಅದಕ್ಕೆ ಎರಡು ಸುತ್ತು, ಮೇಲೆ 19 ತೂತಿನ ವರ್ತುಲದಲ್ಲಿ ಎರಡು ತೂತು. ಬೇಕಾದುದು ಆರನೆಯ ನಂಬರಿನ ಕಟರ್, ಅದು ಅಣ್ಣನವರಲ್ಲಿಲ್ಲ. ಅದರ ಬೆಲೆಯನ್ನು ನಾವು ಮುಂಗಡವಾಗಿ ಕೊಡುವುದೆಂದು ಅತ್ತಿಗೆಯವರೊಡನೆ ಮಾತಾಗಿದೆ.